ಮನೆ ಕೂಡಿಸುವ ಹಮ್ಮಣ್ಣ ಮಾಸ್ತರು

ಗಂಡ ಹೆಂಡತಿ ಜಗಳವಾಡಿದ ಮನೆಗೆ ಹೋದರೆ ಹಮ್ಮಣ್ಣ ಮಾಸ್ತರು ತಕ್ಷಣ ಕೂರುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಕೊಡೆ ಒರಗಿಸಿ, ಚಪ್ಪಲಿಯನ್ನು ಜೋಡಿಯಾಗಿ ಬಿಟ್ಟು, ನಿಂತೇ ಇರುತ್ತಿದ್ದರು. ಬಂದವರಿಗೆ ಆಸರಿಗೆ, ಅಂದರೆ ಬಾಯಾರಿಕೆಗೆ, ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಮನೆಯ ಬೇರೆ ಯಾರಾದರೂ ಅದನ್ನು ತಂದರೆ ಮಾಸ್ತರು ಕೈ ಅಡ್ಡ ಹಿಡಿಯುತ್ತಿದ್ದರು. “ನೀರು ಗಂಡ ತರ್ಲಿ, ಬೆಲ್ಲ ಹೆಂಡ್ತಿ ತರ್ಲಿ. ಇಲ್ದಿದ್ರೆ ನಂಗೆ ಬಾಯಾರಿಕೆ ಇಲ್ಲ.” ಕೊನೆಗೆ ಅವರಿಬ್ಬರೂ ಬಂದು ಅಕ್ಕಪಕ್ಕ ನಿಲ್ಲಬೇಕು. ಮಾಸ್ತರು ಬೆಲ್ಲ ಬಾಯಿಗೆ ಹಾಕಿ, ತಂಬಿಗೆ ಎತ್ತಿ ಗಟಗಟ ಕುಡಿದು, “ಮುಗೀತು. ಮನೆ ಕೂಡ್ತು” ಎಂದು ಹೇಳಿದ ಮೇಲೆಯೇ ಕೂರುತ್ತಿದ್ದರು.

ತಮ್ಮ ಕೈಗೆ ಬಂದ ಒಂದೇ ಒಂದು ಸಂಸಾರವೂ ಒಡೆಯಲಿಲ್ಲ ಎಂದು ಅವರು ಎದೆ ತಟ್ಟಿ ಹೇಳುತ್ತಿದ್ದರು. ನಿಜವೇ. ಒಡೆಯಲಿಲ್ಲ. ಕೂಡಿಸಿದ ಮನೆಯ ಬಾಗಿಲು ಹಾಕಿದ ಮೇಲೆ ಒಳಗೆ ಏನಾಗುತ್ತಿತ್ತು ಎಂದು ಮಾತ್ರ ಆ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಅವರು ನಮ್ಮ ಬೆಳಂಬಾರದ ಶಾಲೆಗೆ ಹೆಡ್ ಮಾಸ್ತರು. ಬಿಳಿ ಅರ್ಧ ತೋಳಿನ ಅಂಗಿ, ಬಿಳಿ ಪಂಚೆ, ಕಿಸೆಯಲ್ಲಿ ಪೆಪ್ಪರಮಿಂಟಿನ ಪೊಟ್ಟಣ. ಕಲಿಸುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ ಎಂಬುದನ್ನು, ಇಷ್ಟವಿಲ್ಲದಿದ್ದರೂ, ಒಪ್ಪಿಕೊಳ್ಳುತ್ತೇನೆ. ನನ್ನ ಅಕ್ಷರ ಇವತ್ತು ದುಂಡಗಿದ್ದರೆ ಅದು ಅವರ ದೆಸೆಯಿಂದ. ಸೋಮವಾರ ಬಂತೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಾವೇ ಉಗುರು ಕತ್ತರಿಸುತ್ತಿದ್ದರು. ಎರಡು ದಿನ ಶಾಲೆ ತಪ್ಪಿಸಿದ ಮಗುವನ್ನು ಹುಡುಕಿಕೊಂಡು ಗದ್ದೆಯ ಅಂಚಿನ ಮೇಲೆ ನಡೆದೇ ಅದರ ಮನೆಗೆ ಹೋಗುತ್ತಿದ್ದರು. ಉತ್ತರ ಸರಿಯಿದ್ದರೆ ತೊಡೆ ತಟ್ಟಿ “ಶಭಾಷ್!” ಎಂದು ಒಂದು ಪೆಪ್ಪರಮಿಂಟು ಕೊಡುತ್ತಿದ್ದರು. ಆ ಶಭಾಷ್‌ಗಾಗಿ ನಾವು ಜೀವ ಬಿಡುತ್ತಿದ್ದೆವು. ಊರವರು ಅವರನ್ನು ದೇವರೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಮಾತ್ರ ಈಗಲೂ ಅವರ ಹೆಸರು ಕೇಳಿದರೆ ಮೈ ಉರಿಯುತ್ತದೆ.

ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಶೈಲಾ. ಅವಳ ತಾಯಿ ಕಾರವಾರದ ಕೋರ್ಟಿಗೆ ಹೋಗಿ ಗಂಡನಿಂದ ವಿಚ್ಛೇದನ ಪಡೆದವಳು. ನಮ್ಮ ಕೇರಿಯಲ್ಲಿ ಹಾಗೆ ಮಾಡಿದವಳು ಅವಳೊಬ್ಬಳೇ. ಮಾಸ್ತರನ್ನು ಕೇಳದೆ ಮಾಡಿದ್ದಳು, ಆ ಸಿಟ್ಟು ಅವರಿಗೆ ಇಳಿಯಲೇ ಇಲ್ಲ. ಶೈಲಾ ಲೆಕ್ಕ ತಪ್ಪಿದರೆ, “ಎಲ್ಲಿಂದ ಬತ್ತದೆ ಲೆಕ್ಕ? ಒಡೆದ ಮನೆ ಮಕ್ಳಿಗೆ ಮನಸ್ಸು ನಿಲ್ಲೂದಿಲ್ಲ” ಎನ್ನುತ್ತಿದ್ದರು. ಅವಳು ನಕ್ಕರೆ, “ಹೇಳೂರು ಕೇಳೂರು ಇಲ್ದಿದ್ರೆ ಹೀಂಗೇ ಹಲ್ಲು ಕಿಸಿಯೂದು.” ಅದೇ ಲೆಕ್ಕವನ್ನು ನಾನು ತಪ್ಪಿದರೆ ಹಣೆ ಮುಟ್ಟಿ ನೋಡಿ, “ಜ್ವರ ಗಿರ ಬಂತನೆ ತಂಗಿ?” ಎಂದು ಕೇಳುತ್ತಿದ್ದರು. ಯಾಕೆಂದರೆ ನನ್ನದು ಅವರ ಪ್ರಕಾರ ಸರಿಯಿದ್ದ ಮನೆ.

ಆ ಸರಿಯಿದ್ದ ಮನೆಯ ಮಗು ಒಂಬತ್ತು ತುಂಬಿದರೂ ಹಾಸಿಗೆ ಒದ್ದೆ ಮಾಡುತ್ತಿತ್ತು. ಅಂಗಳದಲ್ಲಿ ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದರೆ ಎತ್ತಿದ ತುತ್ತನ್ನು ಹಾಗೇ ಬಟ್ಟಲಿಗೆ ಬಿಡುತ್ತಿತ್ತು. ಒಡೆದ ಮನೆಯ ಶೈಲಾ ಮಧ್ಯಾಹ್ನ ಡಬ್ಬಿ ತೆರೆದು ಬಂಗಡೆಯ ತಲೆಯನ್ನೂ ಬಿಡದೆ ಚೀಪಿ, “ನಿಂಗೆ ಬ್ಯಾಡಾದ್ರೆ ನಂಗೆ ಕೊಡೆ” ಎಂದು ನನ್ನ ಪಾಲನ್ನೂ ತಿನ್ನುತ್ತಿದ್ದಳು. ಅವಳಿಗೆ ದುಃಖವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಶಾಲೆಯ ಫಾರ್ಮಿನಲ್ಲಿ ತಂದೆಯ ಹೆಸರು ಬರೆಯುವಾಗ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು, ಲಂಗದ ತುದಿಯಿಂದ ಮೂಗು ಒರೆಸಿಕೊಂಡು, ಆಡಲು ಓಡಿದಳು. ನನಗೆ ಅಳಬೇಕೆಂದರೆ ಮೊದಲು ಜಾಗ ಹುಡುಕಬೇಕಿತ್ತು.

ನನ್ನ ಅಪ್ಪ ಅಂಕೋಲೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೊರಗಿನವರಿಗೆ ಬಹಳ ಸಂಭಾವಿತ. ಮನೆಯಲ್ಲಿ ಅವ್ವಿಯ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದ. ಅವಳು ಎದುರಿಗೇ ಕೂತು ಬಡಿಸುತ್ತಿದ್ದರೂ ನನ್ನ ಕಡೆ ತಿರುಗಿ, “ನಿನ್ನ ಅವ್ವಿಗೆ ಹೇಳು, ಸಾರಿಗೆ ಉಪ್ಪು ಹೆಚ್ಚಾಯ್ತು” ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. “ಅಪ್ಪಂಗೆ ಹೇಳು, ನಾಳೆ ಕಮ್ಮಿ ಹಾಕ್ತೆ” ಎನ್ನುತ್ತಿದ್ದಳು ಅವ್ವಿ. ಅದನ್ನೂ ನಾನೇ ಹೇಳುತ್ತಿದ್ದೆ. ಮಾತು ಮುಟ್ಟಿಸುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾದರೂ ಏಟು ಅವಳಿಗೇ ಬೀಳುತ್ತಿತ್ತು. ಹಾಗಾಗಿ ಒಂದೊಂದು ಶಬ್ದವನ್ನೂ ತೂಗಿ ಆಡುವುದನ್ನು ನಾನು ಬಹಳ ಬೇಗ ಕಲಿತೆ.

ಒಂದು ಮಳೆಗಾಲ ಅಪ್ಪ ಅವ್ವಿಯನ್ನು ಜಗಲಿಯ ಮೆಟ್ಟಿಲಿನಿಂದ ನೂಕಿದ. ಬಲಗೈ ಮಣಿಕಟ್ಟು ಮುರಿಯಿತು. ದವಾಖಾನೆಯಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿದೆ ಎಂದು ಹೇಳಿದಳು. ಪಕ್ಕದ ಮನೆಯವರು ಸುಮ್ಮನಿರಲಾರದೆ ಮಾಸ್ತರ ಕಿವಿಗೆ ಹಾಕಿದರು. ಮಾಸ್ತರು ಬಂದರು, ಕೊಡೆ ಒರಗಿಸಿದರು, ನಿಂತರು. ಅಪ್ಪ ತಲೆ ತಗ್ಗಿಸಿಕೊಂಡು ನೀರು ತಂದ. ಅವ್ವಿ ಎಡಗೈಯಲ್ಲಿ ಬೆಲ್ಲದ ತಟ್ಟೆ ಹಿಡಿದು ಬಂದಳು. ಬಲಗೈ ಪ್ಲಾಸ್ಟರಿನಲ್ಲಿ ಕೊರಳಿಗೆ ನೇತಾಡುತ್ತಿತ್ತು.

“ಎಡಗೈಲಿ ಕೊಡೂದನೆ?” ಎಂದರು ಮಾಸ್ತರು, ಬೇಸರದಿಂದ. “ಶುಭಕಾರ್ಯದಲ್ಲಿ ಎಡಗೈ ಎಂಥಕ್ಕೆ?”

ಅವ್ವಿ ತಟ್ಟೆಯನ್ನು ಪ್ಲಾಸ್ಟರಿನ ಮೇಲೆ ಇಟ್ಟುಕೊಂಡು, ಹಲ್ಲು ಕಚ್ಚಿ, ಬಲಗೈ ಮುಂದೆ ಮಾಡಿದಳು. ಆ ಮನುಷ್ಯ ಅದರ ಮೇಲಿಂದ ಬೆಲ್ಲ ತೆಗೆದು ತಿಂದರು! ಆಮೇಲೆ ಅವಳನ್ನೇ ಕೂರಿಸಿಕೊಂಡು ಬುದ್ಧಿ ಹೇಳಿದರು. “ಅಂವ ಕುಡೂದಿಲ್ಲ, ಇಸ್ಪೀಟು ಆಡೂದಿಲ್ಲ, ತಿಂಗಳಾಯ್ತಂದ್ರೆ ಪಗಾರ ಮನೆಗೆ ತತ್ತಾ. ಮತ್ತೆಂತ ಬೇಕು ತಂಗಿ ನಿಂಗೆ? ಹುಡ್ಗಿ ಮೋರೆ ನೋಡು. ಮನೆ ಒಡೆದ್ರೆ ಶೈಲಾನ ಹಾಂಗೆ ಆಗ್ತದೆ.” ಶೈಲಾಳ ಹಾಗೆ ಆಗಲಿ ದೇವರೇ ಎಂದು ನಾನು ಬಾಗಿಲ ಹಿಂದೆ ಬೇಡಿಕೊಳ್ಳುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಪ್ಲಾಸ್ಟರು ತೆಗೆದ ವಾರವೇ ಅವ್ವಿ ನನ್ನನ್ನು ಕರೆದುಕೊಂಡು ಕಾರವಾರದ ಬಸ್ಸು ಹತ್ತಿದಳು. ಅಲ್ಲಿಯ ಕೋಡಿಬಾಗದಲ್ಲಿ ಅವಳ ಅಣ್ಣನ ಮನೆ, ಅಂದರೆ ನನ್ನ ಮಾವನದು. ಅವ್ವಿ ಹತ್ತಿರದ ಟೇಲರ್ ಅಂಗಡಿಯಲ್ಲಿ ಹೆಮ್ಮಿಂಗು, ಗುಂಡಿಯ ಕೆಲಸ ಹಿಡಿದಳು. ನನ್ನನ್ನು ಅಲ್ಲಿಯ ಶಾಲೆಗೆ ಹಾಕಿದರು. ಹೊಳೆಯ ದಂಡೆಯಲ್ಲಿ ಕೊಂಕಣಿ ಮಾತಾಡುವ ಹುಡುಗಿಯರ ಜೊತೆ ಕುಂಟಾಟ ಆಡಿ, ಮೂರು ತಿಂಗಳಲ್ಲಿ ಕೊಂಕಣಿಯಲ್ಲಿ ಜಗಳವಾಡುವಷ್ಟು ಕಲಿತೆ. ಆ ಮೂರು ತಿಂಗಳಲ್ಲಿ ಒಂದು ದಿನವೂ ನನ್ನ ಹಾಸಿಗೆ ಒದ್ದೆಯಾಗಲಿಲ್ಲ. ಕೋಡಿಬಾಗದ ನೀರು ಒಳ್ಳೆಯದಿರಬೇಕು ಎಂದುಕೊಂಡೆ. ಮಾವ ವಕೀಲರನ್ನೂ ಕಂಡು ಬಂದಿದ್ದ.

ದೀಪಾವಳಿ ಕಳೆದ ಒಂದು ರವಿವಾರ ಬೆಳಿಗ್ಗೆ ಮಾಸ್ತರು ಅಪ್ಪನನ್ನು ಕರೆದುಕೊಂಡು ಅಲ್ಲಿಗೂ ಬಂದರು. ಅಪ್ಪ ಬಾಗಿಲ ಹತ್ತಿರ ನಿಂತ. ಮಾವ ನೇರವಾಗಿ ಹೇಳಿದ: “ಇನ್ನು ಮಾತೆಲ್ಲ ಕೋರ್ಟಲ್ಲೇ, ಮಾಸ್ತರೇ. ನೀವು ಸುಮ್ನೆ ಬಂದ್ರಿ.”

“ಕೋರ್ಟು ಎಂಥಕ್ಕೆ? ಸಾಕ್ಷಿ ಮನೇಲೇ ಅದೆಯಲಾ!” ಎಂದು ಮಾಸ್ತರು ನಕ್ಕು ನನ್ನನ್ನು ಕರೆದರು. “ಬಾ ತಂಗಿ. ಕೈ ಕಟ್ಟಿ ನಿಂತ್ಕ. ಹೆದರ್ಬ್ಯಾಡ. ಅಪ್ಪ ಬೇಕೋ, ಅವ್ವಿ ಬೇಕೋ? ಒಳ್ಳೆ ಮಕ್ಳು ಎಂತ ಹೇಳ್ತವೆ? ಯೋಚನೆ ಮಾಡಿ ಹೇಳು.”

ಕೈ ಕಟ್ಟಿದ ಕೂಡಲೇ ನನಗೆ ಅದು ಮನೆಯಲ್ಲ, ನಾಲ್ಕನೇ ತರಗತಿ ಆಗಿಹೋಯಿತು. ಮುಂದೆ ಮಾಸ್ತರು, ಅವರ ಬಲಗೈ ತೊಡೆಯ ಮೇಲೆ ತಯಾರಾಗಿ ಇತ್ತು. ನನಗೆ ಯಾರು ಬೇಕು ಎಂದು ನಾನು ಯೋಚಿಸಲೇ ಇಲ್ಲ. ಸರಿಯುತ್ತರ ಯಾವುದು ಎಂದು ಯೋಚಿಸಿದೆ. ಅದು ಗೊತ್ತಾಯಿತು.

“ಇಬ್ರೂ ಬೇಕು,” ಎಂದೆ.

“ಶಭಾಷ್!” ಎಂದು ತೊಡೆ ತಟ್ಟಿದರು. ನನ್ನ ಅಂಗೈಗೆ ಪೆಪ್ಪರಮಿಂಟು ಬಂತು. “ಕೇಳಿದ್ರಾ? ಇದು ನಾ ಹೇಳಿದ್ದಲ್ಲ. ಹುಡ್ಗಿ ಬಾಯಲ್ಲಿ ದೇವ್ರೇ ಹೇಳಿದ್ದು.”

ಅವ್ವಿ ನನ್ನ ಮುಖವನ್ನು ಒಂದು ಸಲ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಚೀಲ ತುಂಬಿದಳು. ಮಾವ ಏನೇನೋ ಕೂಗಾಡಿದ, ಯಾರೂ ಕೇಳಲಿಲ್ಲ. ಹೊರಡುವ ಮೊದಲು ಮಾಸ್ತರಿಗೆ ಅಪ್ಪ ನೀರು ಕೊಟ್ಟ, ಅವ್ವಿ ಬೆಲ್ಲ ಕೊಟ್ಟಳು. ಈ ಸಲ ಬಲಗೈಯಿಂದಲೇ ಕೊಟ್ಟಳು. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿತ್ತು.

ಊರಿಗೆ ಬಂದ ಎಂಟು ದಿನಕ್ಕೆ ಹಾಸಿಗೆ ಮತ್ತೆ ಒದ್ದೆಯಾಯಿತು, ಅಪ್ಪನ ಕೈ ಮತ್ತೆ ಎದ್ದಿತು. ಅವ್ವಿಗೆ ಬಿದ್ದ ಒಂದೊಂದು ಏಟಿಗೂ ನಾನೇ ಕಾರಣ ಎಂದು ಲೆಕ್ಕ ಹಾಕುತ್ತಾ ನಾನು ದೊಡ್ಡವಳಾದೆ. ಅವಳ ಹತ್ತಿರ ಅದನ್ನು ಹೇಳಿಕೊಳ್ಳುವ ಧೈರ್ಯ ಬರಲಿಲ್ಲ. ಅವಳೂ ಕೇಳಲಿಲ್ಲ.

ಮಾಸ್ತರನ್ನು ಕೊನೆಯ ಸಲ ಕಂಡದ್ದು ಕಾರವಾರದಲ್ಲಿ. ನಾನು ಆಗ ಮಾವನ ಮನೆಯಲ್ಲಿದ್ದು ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಬರುವಾಗ ಕೋರ್ಟಿನ ಆವರಣದ ಕಲ್ಲು ಬೆಂಚಿನ ಮೇಲೆ ಅದೇ ಬಿಳಿ ಅಂಗಿ ಕಂಡಿತು. ಮುದುಕರಾಗಿದ್ದರು. ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಹುಡುಗಿ. ಅವರು ಕಿನ್ನರ ಎಂಬ ಊರಿಗೆ ಕೊಟ್ಟಿದ್ದ ಮಗಳು ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಾಳೆ ಎಂದು ಊರಲ್ಲಿ ಗುಸುಗುಸು ಕೇಳಿದ್ದೆ, ನಂಬಿರಲಿಲ್ಲ.

ಹೋಗಿ ಎದುರಿಗೇ ನಿಂತೆ. ಅವರಿಗೆ ಗುರುತು ಹತ್ತಿತು. “ಎಷ್ಟು ದೊಡ್ಡಾದ್ಯೆ ತಂಗಿ,” ಎಂದರು. ನಾನು ಕೇಳದಿದ್ದರೂ ತಾವೇ ಹೇಳಿದರು: “ಮಗ್ಳು ಒಳಗೆ ವಕೀಲರ ಸಂಗಡ ಮಾತಾಡೂಕೆ ಹೋಗ್ಯದೆ. ಅವ್ಳಿಗೆ ಗಂಡನ ಮನೇಲಿ ಬಾಳೂಕಾಗ್ಲಿಲ್ಲ. ಭಾಳ ಹೊಡೀತಿದ್ದ. ಇದು ಮೊಮ್ಮಗ್ಳು.”

ನಾನು ಕೇಳಿದೆ. “ಈ ಹುಡ್ಗಿಗೆ ಕೇಳಿದ್ರಾ ಮಾಸ್ತರೇ? ಅಪ್ಪ ಬೇಕೋ ಅವ್ವಿ ಬೇಕೋ ಅಂತ?”

ಅವರು ಕೊಡೆಯ ಹಿಡಿ ಉಜ್ಜಿದರು. ಮೊಮ್ಮಗಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

“ಇಲ್ಲ,” ಎಂದರು. “ಕೇಳೂಕೆ ಹೆದ್ರಿಕೆ ಆಯ್ತು. ಇಬ್ರೂ ಬೇಕು ಅಂದ್ಬಿಟ್ರೆ?”

ಆಮೇಲೆ ಅಭ್ಯಾಸಬಲದಿಂದ ಅವರ ಕೈ ಕಿಸೆಗೆ ಹೋಯಿತು, ನನ್ನ ಕಡೆ ಒಂದು ಪೆಪ್ಪರಮಿಂಟು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ನಮಸ್ಕಾರವನ್ನೂ ಹೇಳದೆ ಬಂದೆ. ಅವರ ಮಗಳು ಬಿಡುಗಡೆಯಾಗಲಿ ಎಂದು ಮನಸಾರೆ ಹಾರೈಸಿದೆ. ಅವರನ್ನು ಮಾತ್ರ ಕ್ಷಮಿಸಲಿಲ್ಲ, ಈಗಲೂ ಕ್ಷಮಿಸಿಲ್ಲ.

ಆ ವಾರ ಊರಿಗೆ ಹೋದಾಗ ಅವ್ವಿಗೆ ಎಲ್ಲ ಹೇಳಿದೆ. ನನ್ನ ‘ಇಬ್ರೂ ಬೇಕು’ ಸಮೇತ, ಎಂಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಅತ್ತು ಹೇಳಿದೆ. ಅವಳು ಕೇಳಿ, ಒಲೆಗೆ ಒಂದು ಕಟ್ಟಿಗೆ ನೂಕಿ, “ಅಂದ್ರೆ ಆ ಮಾಸ್ತರಂಗೆ ಗೊತ್ತಿತ್ತು, ಮಕ್ಳು ಎಂತ ಹೇಳ್ತವೆ ಅಂತ,” ಎಂದಳು. ಆಮೇಲೆ, “ನೀ ಸಣ್ಣದಾಗಿದ್ದೆ. ಅಂವ ಸಣ್ಣವನಾಗಿರ್ಲಿಲ್ಲ,” ಎಂದಳು.

ಮುಂದಿನ ಮಳೆಗಾಲದಲ್ಲಿ ಮಾಸ್ತರು ತೀರಿಕೊಂಡರು. ಅವತ್ತು ನಾನು ಮನೆಯಲ್ಲಿದ್ದೆ. ಸುದ್ದಿ ತಂದ ಅಪ್ಪ ಜಗಲಿಯಲ್ಲೇ ಅಂಗಿ ಬದಲಿಸುತ್ತ, “ನಿನ್ನ ಅವ್ವಿಗೆ ಹೇಳು, ಹಮ್ಮಣ್ಣ ಮಾಸ್ತರು ಹೋದ್ರು. ಬೇಗ ಹೊರಡೂಕೆ ಹೇಳು,” ಎಂದ. ನಾನು ಅಡುಗೆಮನೆಗೆ ಹೋಗಿ ಹೇಳಿದೆ. ಕಾಯಿ ತುರಿಯುತ್ತಿದ್ದ ಅವ್ವಿ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನನ್ನು ದಾಟಿ ಜಗಲಿಗೇ ಹೋದಳು. ನಾನೂ ಹಿಂದೆಯೇ ಹೋದೆ.

“ನಾ ಬರೂದಿಲ್ಲ,” ಎಂದಳು ಅಪ್ಪನ ಮೋರೆ ನೋಡಿ. “ಇನ್ಮೇಲೆ ಎಂತ ಹೇಳೂದಿದ್ರೂ ನಂಗೇ ಹೇಳಿ. ಹುಡ್ಗಿ ಬಾಯಲ್ಲಿ ಬ್ಯಾಡ.”

ಅಪ್ಪ ಬಾಯಿ ತೆರೆದ, ನನ್ನ ಕಡೆ ನೋಡಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಅವರಿಬ್ಬರ ನಡುವೆ ಸುಮ್ಮನೆ ನಿಂತಿದ್ದೆ. ಅವನು ಕೊಡೆ ತೆಗೆದುಕೊಂಡು ಒಬ್ಬನೇ ಹೋದ.