ಮೇಲೆ ತೇಲಿದ ಎಣ್ಣೆ

ನಾದಿನಿಯ ಅಲಸಂದೆ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಣ್ಣೆಯಕ್ಕ ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದಳು. ಮೊದಲ ಆರು ಸಾಲಿನಲ್ಲಿ ಕಪ್ಪು ಹೇನು ಏನೂ ಆಗಿಲ್ಲವೆಂಬಂತೆ ಕುಡಿಗೆ ಅಂಟಿಕೊಂಡಿತ್ತು. ಕೊನೆಯ ಮೂರು ಸಾಲಿನಲ್ಲಿ ಹೇನೂ ಇರಲಿಲ್ಲ, ಎಲೆಯೂ ಇದ್ದಂತಿರಲಿಲ್ಲ. ಅಂಚಿನಿಂದ ಒಳಕ್ಕೆ ಕಂದಿ, ಕಾದ ಹೆಂಚಿಗೆ ಬಿದ್ದ ಕಾಗದದ ಹಾಗೆ ಸುರುಟಿಕೊಂಡಿತ್ತು. ಎಣ್ಣೆ ಹೊಡೆದು ಮೂರು ದಿನವಾಗಿತ್ತು.

"ಅತ್ತಿಗೆ, ನಿನ್ನ ಎಣ್ಣೆ ಹೇನನ್ನ ಬಿಟ್ಟು ಗಿಡಾನೇ ತಿಂದಿದೆಯಲ್ಲ" ಎಂದಳು ನಾದಿನಿ. ಸೋಮವಾರದಿಂದ ಆಸ್ಪತ್ರೆಯ ಅಡುಗೆಮನೆಗೆ ಕಾಯಿ ಕೊಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ಹದಿನಾರು ವರ್ಷದಿಂದ ಊರಂಚಿನ ತರಕಾರಿ ತೋಟಗಳಿಗೆ ಬೇವಿನ ಎಣ್ಣೆ ಕಲಸಿಕೊಡುವುದು ಅಕ್ಕನ ಕೆಲಸ. ಎಣ್ಣೆಯನ್ನು ಸೋಪಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕಡೆದು, ಕ್ಯಾನಿಗೆ ತುಂಬಿ ಬೆಳಿಗ್ಗೆ ಕೊಡುತ್ತಾಳೆ. ಸಂಜೆ ಬಿಸಿಲಿಳಿದ ಮೇಲೆ ಜನ ಹೊಡೆಯುತ್ತಾರೆ. ಕಲಸಿದ್ದನ್ನು ಒಂದು ಲೋಟದಲ್ಲಿ ಕಾಲು ಗಂಟೆ ಅಲುಗಿಸದೆ ಇಟ್ಟು ನೋಡಿ, ಎಣ್ಣೆ ಮೇಲೆ ಬಂದರೆ ಬೆರೆತಿಲ್ಲ ಎಂದು ಹೊಸಬರಿಗೆಲ್ಲ ಹೇಳಿಕೊಡುವವಳೂ ಅವಳೇ. ತಾನು ಮಾತ್ರ ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಾಡಿಗೆ ಬಿದ್ದ ಮಳೆನೀರು ಹಿಡಿದಿಟ್ಟ ಡ್ರಮ್ಮು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹೋದ ವಾರ ಡ್ರಮ್ಮು ಬಿರುಕು ಬಿಟ್ಟು ಬರಿದಾಯಿತು. ಅಕ್ಕ ಬೋರಿನ ನೀರು ಹಿಡಿದಳು. ಆ ಗಡಸು ನೀರಿನಲ್ಲಿ ಸೋಪು ನೊರೆ ಕೊಡುವುದಿಲ್ಲ ಎಂಬುದು ದಿನಾ ಬಟ್ಟೆ ಒಗೆಯುವ ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಮನೆಗೆ ಓಡಿ, ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಕಲಕಿ ಲೋಟಕ್ಕೆ ಬಗ್ಗಿಸಿದಳು. ಐದೇ ನಿಮಿಷಕ್ಕೆ ಎಣ್ಣೆ ಹಳದಿ ಉಂಗುರವಾಗಿ ಮೇಲೆ ಬಂತು. ಔಷಧಿ ಹೊಡೆಯುವ ಪಂಪು ತಳದಿಂದ ಎಳೆಯುತ್ತದೆ: ಮೊದಲ ಸಾಲುಗಳಿಗೆ ಬರೀ ನೀರು, ಕೊನೆಯವಕ್ಕೆ ಬರೀ ಎಣ್ಣೆ, ಬಿಸಿಲು ಬಿದ್ದೊಡನೆ ಅದು ಎಲೆ ಸುಡುತ್ತದೆ. ಅದೇ ನೀರಿನಲ್ಲಿ ಕಲಸಿದ ಏಳು ಕ್ಯಾನು ಅಂದು ಬೆಳಿಗ್ಗೆಯೇ ಏಳು ಮನೆ ಸೇರಿದ್ದವು.

ನಾದಿನಿಯನ್ನೂ ಕರೆದುಕೊಂಡು ಕ್ಯಾನು ವಾಪಸು ತರಲು ಹೊರಟಳು. ಆ ಏಳು ಮನೆಯವರಲ್ಲಿ ಮೊದಲು ಸಿಕ್ಕಿದವನು ಟೈಲರ್. ದಾರಿಯುದ್ದಕ್ಕೂ ಒಂದು ಸುಳ್ಳು ಅವಳ ನಾಲಿಗೆ ತುದಿಯಲ್ಲಿತ್ತು. "ಎಣ್ಣೆ ಮಿಲ್ಲಿನವರು..." ಎಂದು ಶುರು ಮಾಡಿದಳು. ಪಕ್ಕದಲ್ಲಿ ನಾದಿನಿ ನೆಲ ನೋಡುತ್ತ ನಿಂತಿದ್ದಳು. ಅಕ್ಕ ಮಾತು ನುಂಗಿದಳು. "ಇಲ್ಲ, ತಪ್ಪು ನನ್ನದು. ಹೊಡೀಬೇಡಿ."

ಹಾಗಾದರೆ ಹೇನಿಗೆ ಏನು ಗತಿ, ನಾಳಿದ್ದಿಗೆ ಅದು ಎರಡರಷ್ಟಾಗುತ್ತದಲ್ಲ ಎಂದು ಅವನು ಕೇಳಿದ. ಅಕ್ಕ ಕ್ಯಾನು ಎತ್ತಿಕೊಂಡು ಮುಂದೆ ನಡೆದಳು. ಉಳಿದ ಮನೆಗಳಲ್ಲೂ ಅದೇ ಪ್ರಶ್ನೆ. ಇಷ್ಟು ವರ್ಷ ನಿನ್ನನ್ನು ನಂಬಿ ಬೇರೆ ಔಷಧಿ ಮುಟ್ಟಲಿಲ್ಲವಲ್ಲ ಎಂದು ಒಬ್ಬಾಕೆ ಅಂದಳು. ಇನ್ನೊಬ್ಬಾಕೆ ಕ್ಯಾನು ಹೊಸಿಲಾಚೆ ಇಟ್ಟು ಬಾಗಿಲು ಹಾಕಿಕೊಂಡಳು. ಐದು ಗಂಟೆಯ ಹೊತ್ತಿಗೆ ಆರು ಕ್ಯಾನು ವಾಪಸು ಬಂದವು.

ಏಳನೆಯದು ಪೇಂಟರನದು. ಮಧ್ಯಾಹ್ನದಿಂದ ಅವನ ಫೋನು ಸ್ವಿಚ್ ಆಫ್. ಊರಿನ ಆ ತುದಿಯ ಅವನ ತೋಟ ಮುಟ್ಟುವಷ್ಟರಲ್ಲಿ ಅಕ್ಕನಿಗೆ ಏದುಸಿರು. ಅವನು ಕೆಲಸದಿಂದ ಬೇಗ ಬಂದಿದ್ದ. ಬೆನ್ನಿನ ಪಂಪನ್ನು ಆಗಷ್ಟೇ ಇಳಿಸುತ್ತಿದ್ದ.

"ನೋಡಕ್ಕ, ಗೋಡೆಗೆ ಬಳಿದಂಗೆ ಒಂದೆಲೆ ಬಿಡದೆ ಹೊಡೆದಿದೀನಿ" ಎಂದು ನಕ್ಕ. "ಹೆಂಗೆ ಮಿಂಚ್ತಿದೆ ನೋಡು."

ಕೊನೆಯ ಎಂಟು ಸಾಲು ನಿಜಕ್ಕೂ ಮಿಂಚುತ್ತಿದ್ದವು. ಅಕ್ಕ ಬೆರಳಿಂದ ಒಂದು ಎಲೆ ಒರೆಸಿದಳು, ಬೆರಳು ಜಾರಿತು. ಹೇಳಬೇಕಾದ್ದನ್ನು ನಾಲ್ಕೇ ಮಾತಲ್ಲಿ ಹೇಳಿದಳು. ಅವನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ನಾದಿನಿ ಒದ್ದೆ ಬಟ್ಟೆ ಹರಿದು ಮೂರು ಪಾಲು ಮಾಡಿದಳು. ಎಲೆ ಎಲೆಯಾಗಿ, ಮೇಲೆ ಕೆಳಗೆ, ಒರೆಸತೊಡಗಿದರು. ಕಣ್ಣು ಕಾಣದಷ್ಟು ಕತ್ತಲಾದಾಗ ಮೂರು ಸಾಲು ಮುಗಿದಿತ್ತು. ಉಳಿದದ್ದು ಐದು. ಆ ತೋಟಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ ಏಳಕ್ಕೆ.