ಎ ಕಡೆಯ ಮೂರು ಹಾಡು

ಮೂವತ್ತೈದು ವರ್ಷದ ಹಿಂದೆ ನನ್ನ ಪಾಲಿಗೆ ಜಗತ್ತಿನಲ್ಲಿ ಒಂದೇ ಒಂದು ಒಳ್ಳೆಯ ಆಲ್ಬಂ ಇತ್ತು. ಅದನ್ನು ಹಾಡಿದವರು ಉದ್ದ ಕೂದಲಿನ ನಾಲ್ವರು ವಿಲಾಯ್ತಿ ಗಂಡಸರು. ಅವರು ಏನು ಹಾಡುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ. ತನಗೆ ಎಲ್ಲ ತಿಳಿಯುತ್ತದೆ ಎಂದು ಅಣ್ಣ ಹೇಳುತ್ತಿದ್ದ, ನಾನು ನಂಬುತ್ತಿದ್ದೆ. ಈಗ ನಾನು ಅರಕಲಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರು ಅಂತಲೇ ಅನ್ನಿ, ಟೀಚರಮ್ಮ ಅಂದರೆ ನನಗೆ ಮೈ ಉರಿಯುತ್ತದೆ. ದಿನಾ ಹಾಸನದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಬಸ್ಸಿನಲ್ಲೇ ಈ ವರ್ಷ ಆ ಆಲ್ಬಮ್ಮನ್ನು ಮತ್ತೆ ಕೇಳಿದೆ. ಅಣ್ಣನ ಜೊತೆ ಮಾತು ಬಿಟ್ಟು ಆಗ ನಾಲ್ಕು ವರ್ಷವಾಗಿತ್ತು.

ಕ್ಯಾಸೆಟ್ ತಂದವನು ಅಣ್ಣನೇ. ನಮ್ಮೂರು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ಎರಡು ಮೈಲಿ ನಡೆಯಬೇಕಾದ ಊರು. ಅವ್ವ ನನಗೆ ಏಳು ವರ್ಷವಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ, ಅಣ್ಣ, ನಾನು, ಮೂರೇ ಜನ. ಅಣ್ಣ ಹಾಸನದಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುತ್ತಿದ್ದ, ಶನಿವಾರ ಸಂಜೆ ಊರಿಗೆ ಬರುತ್ತಿದ್ದ. ಆ ಕಾಲಕ್ಕೆ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಕೊಟ್ಟು ಯಾವ ಹಾಡು ಬೇಕೆಂದು ಹೇಳಿದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ರೂಮಿನಲ್ಲಿದ್ದ ಹುಡುಗನೊಬ್ಬ ಈ ಆಲ್ಬಮ್ಮಿನ ಹೆಸರು ಹೇಳಿದನಂತೆ, ಅಣ್ಣ ಹೋಗಿ ತುಂಬಿಸಿಕೊಂಡು ಬಂದ. ಮೇಲೆ ಅಂಗಡಿಯವನ ದುಂಡು ಅಕ್ಷರದಲ್ಲಿ ‘ಇಂಗ್ಲಿಷ್’ ಎಂದಷ್ಟೇ ಬರೆದಿತ್ತು.

ಆ ಕ್ಯಾಸೆಟ್ಟಿನ ಎ ಕಡೆ ಮೂರು ಹಾಡು, ಮೂರೂ ನಿಧಾನದವು. ಬಿ ಕಡೆ ಐದು, ಐದೂ ಗಲಾಟೆ. ಭಾನುವಾರ ಬೆಳಿಗ್ಗೆ ಅಣ್ಣ ಎ ಕಡೆಯಿಂದ ಹಚ್ಚುತ್ತಿದ್ದ. ಅಪ್ಪ ಹೊರಗೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿರುತ್ತಿದ್ದ. ಅವನು ತೋಟಕ್ಕೆ ಹೊರಟ ಮೇಲೆಯೇ ಬಿ ಕಡೆ, ಅದು ನಮ್ಮಿಬ್ಬರ ಒಪ್ಪಂದ. ಆದರೆ ಅಪ್ಪ ಹೊರಡಬೇಕಲ್ಲ. ಒಂಬತ್ತು ಗಂಟೆಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಬರುತ್ತಿತ್ತು. ಕರೆಂಟ್ ಬಂತೆಂದರೆ ಊರಿನ ಗಂಡಸರೆಲ್ಲ ಊಟದ ತಟ್ಟೆ ಬಿಟ್ಟು ಓಡುತ್ತಿದ್ದರು, ಯಾಕೆಂದರೆ ಅದು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಅಪ್ಪ ಮಾತ್ರ ಅಲ್ಲಾಡುತ್ತಿರಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು, ಅಪ್ಪಾ ಕರೆಂಟ್ ಬಂದೈತೆ ಅನ್ನುತ್ತಿದ್ದ.

“ಇರ್ಲಾ, ಇದೊಂದು ಮುಗೀಲಿ,” ಅನ್ನುತ್ತಿದ್ದ ಅಪ್ಪ.

ಕಾಫಿ ಮುಗಿಯಲಿ ಅನ್ನುತ್ತಿದ್ದಾನೆ ಎಂದು ನಾವು ತಿಳಿದಿದ್ದೆವು. ಒಂದು ಲೋಟ ಕಾಫಿಗೆ ಇಷ್ಟು ಹೊತ್ತೇ ಎಂದು ಒಳಗೆ ಇಬ್ಬರೂ ಹಲ್ಲು ಕಡಿಯುತ್ತಿದ್ದೆವು. ಆ ಲೋಟ ತೊಳೆಯುತ್ತಿದ್ದವಳು ನಾನೇ. ತಳದಲ್ಲಿ ಕಾಫಿ ಗಸಿ ಯಾವಾಗಲೋ ಒಣಗಿ ಕಚ್ಚಿಕೊಂಡಿರುತ್ತಿತ್ತು, ತೆಂಗಿನ ನಾರು ಹಾಕಿ ತಿಕ್ಕಬೇಕಾಗುತ್ತಿತ್ತು. ಗಣಿತದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದ ಹುಡುಗಿಗೆ ಆ ಲೆಕ್ಕ ಮಾತ್ರ ಹೊಳೆಯಲಿಲ್ಲ.

ಅಪ್ಪ ಬೇಲಿ ದಾಟಿದ್ದೇ ತಡ, ಅಣ್ಣ ಕ್ಯಾಸೆಟ್ ತಿರುಗಿಸುತ್ತಿದ್ದ. ಆಮೇಲೆ ಮನೆ ಮನೆಯಾಗಿರುತ್ತಿರಲಿಲ್ಲ. ಅಣ್ಣ ಒನಕೆಯನ್ನು ಗಿಟಾರಿನಂತೆ ಹಿಡಿಯುತ್ತಿದ್ದ, ನಾನು ರಾಗಿ ಡಬ್ಬದ ಮೇಲೆ ಎರಡು ಸೌದೆ ಚಕ್ಕೆಯಿಂದ ಬಾರಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಶಾಪ ಹಾಕುತ್ತಿದ್ದಳು. ಕೊನೆಯ ಹಾಡಿನ ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಒಂದು ಏಟು ಹೊಡೆದು ಥಟ್ಟನೆ ನಿಲ್ಲುತ್ತಿದ್ದವು. ಆ ಏಟಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ. ಮೆತ್ತಗೆ ಶುರುವಾಗಿ ಅಬ್ಬರದಲ್ಲಿ ಮುಗಿಯುವುದೇ ದೊಡ್ಡ ಸಂಗೀತ ಎಂದು ಆಗ ನನಗೆ ಖಾತ್ರಿಯಾಗಿತ್ತು. ಸಂಗೀತದ ಮಾತು ಹಾಗಿರಲಿ, ಜಗಳದಲ್ಲೂ ನಾನು ಅದೇ ಕ್ರಮ ಅನುಸರಿಸುತ್ತ ಬಂದೆ.

ಅಪ್ಪ ಹೋದದ್ದು ನಾಲ್ಕು ವರ್ಷದ ಹಿಂದೆ, ಎಂಬತ್ತರ ಹತ್ತಿರ. ಮಂಗಳವಾರ ಎದೆನೋವು ಬಂದಿತ್ತು. ಜೊತೆಯಲ್ಲಿದ್ದವರು ಅಣ್ಣ ಮತ್ತು ಅತ್ತಿಗೆ. ಚನ್ನರಾಯಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಬುಧವಾರ ಬೆಳಿಗ್ಗೆ, ದಾರಿಯಲ್ಲೇ ಎಲ್ಲ ಮುಗಿಯಿತು. ಹನ್ನೊಂದನೆಯ ದಿನ, ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗ, ನಾನು ಮೆತ್ತಗೇ ಶುರುಮಾಡಿದೆ. ನೋವು ಬಂದದ್ದು ಎಷ್ಟು ಹೊತ್ತಿಗೆ, ಮನೆಯಲ್ಲಿ ಬೈಕ್ ಇತ್ತಲ್ಲ, ನನಗೆ ಒಂದು ಫೋನ್ ಯಾಕೆ ಮಾಡಲಿಲ್ಲ ಎಂದೆಲ್ಲ ಕೇಳಿದೆ. ಕೊನೆಗೆ, ಒಂದು ದಿನ ಮೊದಲೇ ಎಬ್ಬಿಸಿಕೊಂಡು ಹೋಗಿದ್ದರೆ ಅಪ್ಪ ಇರುತ್ತಿದ್ದ, ನೀನೇ ಕೊಂದೆ ಎಂದು ಕಿರುಚಿದೆ. ಅಣ್ಣ ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. ಆಮೇಲೆ ಅವನೂ, ಹಾಸನದಲ್ಲಿ ಫ್ಯಾನ್ ಕೆಳಗೆ ಕೂತವಳಿಗೆ ಇಲ್ಲಿನದು ಏನು ಗೊತ್ತು ಎಂದು ಕೂಗಿದ. ಬಡಿಸುತ್ತಿದ್ದವರು ಸೌಟು ಹಿಡಿದು ನಿಂತೇಬಿಟ್ಟರು. ನಾನು ಉಣ್ಣದೆ ಎದ್ದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ನಾಲ್ಕು ವರ್ಷ ನನ್ನ ಬಾಯಲ್ಲೇ ಕಹಿಯಾಗಿ ಉಳಿದಿತ್ತು. ಫೋನ್ ಮಾಡಬೇಕೆಂದು ಎಷ್ಟೋ ಸಲ ಅವನ ನಂಬರಿನ ತನಕ ಹೋಗಿದ್ದೇನೆ. ಏನೆಂದು ಶುರುಮಾಡುವುದು ಎಂದು ತಿಳಿಯದೆ ಬಿಟ್ಟಿದ್ದೇನೆ.

ಹೀಗಿರುವಾಗ ಈ ವರ್ಷ ಒಂದು ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿ ಕೂತವಳು, ಯಾವ ಗಳಿಗೆಯಲ್ಲೋ ಫೋನಿನಲ್ಲಿ ಆ ಆಲ್ಬಮ್ಮಿನ ಹೆಸರು ಬರೆದೆ. ಬಂತು. ಇಯರ್‌ಫೋನ್ ಸಿಕ್ಕಿಸಿಕೊಂಡೆ. ಮೊದಲ ಹಾಡೇ ಗಲಾಟೆ. ಅದರ ಹಿಂದೆ ಎರಡನೆಯದು, ಮೂರನೆಯದು, ಐದೂ ಗಲಾಟೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಸುಳ್ಳಲ್ಲ. ಹತ್ತಿರದಿಂದ ಕೇಳಿದರೆ, ಹಾಡುವವನು ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗೆ ಅರಚುತ್ತಾನೆ. ಗಿಟಾರಿನವನು, ಕಂಡಕ್ಟರ್ ರೈಟ್ ಹೇಳಿದ ಮೇಲೂ ಹೊರಡದ ಬಸ್ಸಿನಂತೆ, ನಿಂತಲ್ಲೇ ಗುರುಗುಟ್ಟುತ್ತಾನೆ. ಡ್ರಮ್ಮಿನವನೊಬ್ಬನಿಗೆ ಕೆಲಸ ಗೊತ್ತು. ಸಾಹಿತ್ಯವನ್ನೂ ಫೋನೇ ತೋರಿಸಿತು. ಒಂದು ಹಾಡು ಕಾರಿನ ಮೇಲೆ, ಒಂದು ಹಾಡು ಕುಡಿತದ ಮೇಲೆ, ಇನ್ನೊಂದು ಬಿಟ್ಟುಹೋದ ಹೆಂಗಸೊಬ್ಬಳನ್ನು ಬಾಯಿಗೆ ಬಂದಂತೆ ಬೈಯುವುದು. ಆ ಬೈಗುಳಕ್ಕೆ ನಾನು ಹದಿನೈದನೆಯ ವಯಸ್ಸಿನಲ್ಲಿ ರಾಗಿ ಡಬ್ಬ ಬಡಿದು ಕುಣಿದಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಎಲ್ಲ ತಿಳಿಯುತ್ತದೆ ಎನ್ನುತ್ತಿದ್ದ ಅಣ್ಣನಿಗೂ ಏನೂ ತಿಳಿದಿರಲಿಲ್ಲ ಎಂದು ಗೊತ್ತಾಗಿ ನಗುವೂ ಬಂತು.

ಆಮೇಲೆ ಆ ಮೂರು ನಿಧಾನದ ಹಾಡು ಬಂದವು, ಕೊನೆಯಲ್ಲಿ. ಹೊಲಗಳ ನಡುವೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು ಒಂದೊಂದೇ ಹಿಂದೆ ಸರಿಯುತ್ತಿದ್ದವು. ಅರಚುತ್ತಿದ್ದ ಮನುಷ್ಯನೇ ಈಗ ದನಿ ಇಳಿಸಿ, ತನಗೆ ತಾನೇ ಹೇಳಿಕೊಳ್ಳುವಂತೆ ಹಾಡುತ್ತಿದ್ದ. ಮೂರನೆಯದರಲ್ಲಿ ಬರೀ ಒಂದು ಗಿಟಾರ್, ಒಂದು ದನಿ. ಈ ಹಾಡುಗಳನ್ನು ನೂರಾರು ಸಲ ಹಾಕಿದ್ದೆವು, ಒಮ್ಮೆಯೂ ಕೇಳಿರಲಿಲ್ಲ, ಯಾವಾಗ ಮುಗಿಯುತ್ತವೆ ಎಂದು ಕಾದಿದ್ದೆವು ಅಷ್ಟೇ. ಆ ಆಲ್ಬಮ್ಮಿನಲ್ಲಿ ಉಳಿಯುವಂಥದ್ದು ಏನಾದರೂ ಇದ್ದರೆ ಈ ಮೂರೇ. ಕಣ್ಣು ತುಂಬಿ ಬಂದದ್ದನ್ನು ನೋಡಿ ಪಕ್ಕದಲ್ಲಿ ಕೂತಿದ್ದ ಹೆಂಗಸು, ಕಿಟಕಿ ಮುಚ್ಚಲೇ, ದೂಳು ಬರುತ್ತಿದೆಯೇ ಎಂದು ಕೇಳಿದಳು.

ಆದರೂ ಈ ಕ್ರಮ ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನವರೇ ತಲೆಕೆಳಗು ಮಾಡಿದ್ದಾರೆ ಅಂದುಕೊಂಡು ಬೇರೆ ಎರಡು ಕಡೆ ಹುಡುಕಿದೆ. ಎಲ್ಲೆಡೆ ಅದೇ ಕ್ರಮ. ಹಾಗಾದರೆ ತಪ್ಪು ಹಾಸನದ ಅಂಗಡಿಯವನದೇ. ಶನಿವಾರ ಮಧ್ಯಾಹ್ನ, ಮೂವತ್ತೈದು ವರ್ಷ ತಡವಾಗಿ ದೂರು ಕೊಡಲು ಹೋದೆ. ಅಂಗಡಿ ಅದೇ ಜಾಗದಲ್ಲಿತ್ತು, ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಹಳೆಯ ಯಜಮಾನರು ಒಳಗೆ ಕುರ್ಚಿಯಲ್ಲಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಸಣ್ಣಗೆ ನಕ್ಕು, ಅದು ತಪ್ಪಲ್ಲ, ಬೇಕೆಂದೇ ಮಾಡುತ್ತಿದ್ದೆ ಎಂದರು.

“ಅಳ್ಳಿ ಉಡುಗ್ರು ಇಂಥವು ತುಂಬಿಸ್ಕಂಡು ಓಗೋವು ಮೇಡಂ. ಮನೇಲಿ ಮೊದ್ಲೇ ಕೂಗಾಟ ಕೇಳುಸ್ಬುಟ್ರೆ, ಅವ್ರಪ್ಪಂದಿರು ಕ್ಯಾಸೆಟ್ ಕಿತ್ತು ಒಲೆಗಾಕ್ಬುಡೋರು. ಅದ್ಕೇ ಮೆತ್ತಗಿರೋದ ಮುಂದೆ ಆಕ್ತಿದ್ದೆ. ಅದು ಮುಗಿಯೋ ಒತ್ಗೆ ದೊಡ್ಡೋರು ತ್ವಾಟಕ್ಕೋಗಿರೋರು.”

ಎಲ್ಲ ಇಂಗ್ಲಿಷ್ ಕ್ಯಾಸೆಟ್ಟಿಗೂ ಅವರದು ಅದೇ ಪದ್ಧತಿಯಂತೆ. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಎಷ್ಟು ಆಲ್ಬಂಗಳು ಹಿಂದುಮುಂದಾಗಿ ಹಾಡಿದವೋ. ದೂರು ಕೊಡಲು ಹೋದವಳು ಅವರಿಗೆ ಕೈಮುಗಿದು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ನಿಂತಿತ್ತು. ಈ ಕಥೆಯನ್ನು ಹೇಳುವುದಾದರೆ ಜಗತ್ತಿನಲ್ಲಿ ಒಬ್ಬನಿಗೇ ಹೇಳಬೇಕು. ಕೊನೆಗೂ ಮಾತು ಶುರುಮಾಡಲು ನನಗೆ ಒಂದು ವಿಷಯ ಸಿಕ್ಕಿತ್ತು. ಮನಸ್ಸು ಬದಲಾಗುವ ಮೊದಲೇ ಹತ್ತಿಬಿಟ್ಟೆ.

ಹೊಳೆನರಸೀಪುರದಲ್ಲಿ ಅಣ್ಣನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ನಾನು ಬಾಗಿಲಲ್ಲಿ ನಿಂತಾಗ ಅವನು ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ. ಕಾಲಿನಿಂದ ಒಂದು ಸ್ಟೂಲನ್ನು ನನ್ನ ಕಡೆಗೆ ತಳ್ಳಿದ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕೂತು, ಫೋನನ್ನು ಅಂಗಡಿಯ ಸ್ಪೀಕರಿಗೆ ಜೋಡಿಸಿ ಹಾಡು ಹಚ್ಚಿದೆ.

ಮೊದಲ ಹಾಡಿಗೆ ಅವನ ಕೈ ನಿಂತಿತು. ಎರಡನೆಯದಕ್ಕೆ ಸ್ಪ್ಯಾನರ್ ಎತ್ತಿಕೊಂಡು ಮೋಟಾರಿನ ಮೈ ಮೇಲೆ ತಾಳ ಹಾಕಿದ. ಗಲಾಟೆಯ ನಡುವೆಯೇ ನಾನು ಅಂಗಡಿ ಯಜಮಾನರ ಕಥೆ ಹೇಳಿದೆ, ಜೋರಾಗಿ ಹೇಳಬೇಕಾಯಿತು, ಆದರೆ ಅದು ಜಗಳದ ಜೋರಲ್ಲ. ಅವನು ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಅಷ್ಟರಲ್ಲಿ ಐದೂ ಮುಗಿದು ನಿಧಾನದ್ದು ಶುರುವಾಯಿತು. ಅವನು ಸ್ಪ್ಯಾನರ್ ಕೆಳಗಿಟ್ಟ. ನನ್ನನ್ನು ನೋಡದೆ ಹೇಳಿದ:

“ಇವು ಅಪ್ಪನ ಸಾಂಗು ಕಣೆ. ಅವ್ನು ಕಾಫಿ ಕುಡೀತಾ ಕೂತಿರ್ಲಿಲ್ಲ, ಈ ಸಾಂಗ್ ಕೇಳ್ತಾ ಕೂತಿರೋನು. ಮೂರೂ ಮುಗಿಯಗಂಟ ಏಳ್ತಿರ್ಲಿಲ್ಲ. ನೀನು ಮದ್ವೆಯಾಗಿ ಓದ್ಮೇಲೆ ಒಂದಿನ ಅವ್ನೇ ಕೇಳ್ದ, ಆ ಟೇಪು ಎಲ್ಲಡುಗ್ಸಿದ್ದೀಯ ಅಂತ.”

ಒಣಗಿದ ಕಾಫಿ ಲೋಟ ನನ್ನ ಕೈಗೆ ಬಂದಂತಾಯಿತು. ಕರೆಂಟ್ ಬಂದಾಗಲೂ ಏಳದೆ ಕೂತವನನ್ನು ಯಾರು ಎಬ್ಬಿಸಬಲ್ಲರು? ನಾಲ್ಕು ವರ್ಷದಿಂದ ಕೇಳದೆ ಬಿಟ್ಟದ್ದನ್ನು ಆಗ ಕೇಳಿದೆ: ಆ ಮಂಗಳವಾರ ಏನಾಯಿತು? ಅಪ್ಪ ತೆಂಗಿನ ಪಾತಿಗೆ ನೀರು ಬಿಡುತ್ತಿದ್ದನಂತೆ. ಎದೆ ಹಿಡಿದುಕೊಂಡದ್ದನ್ನು ಕಂಡು ಅಣ್ಣ ಬೈಕ್ ತಂದು ನಿಲ್ಲಿಸಿ ಮೂರು ಸಲ ಕರೆದನಂತೆ, ಕೈ ಹಿಡಿದು ಎಳೆದನಂತೆ. ನೀರು ಬಿಟ್ಟು ಬಂದ ಮೇಲೆ, ನೋವು ಇಳಿದಿದೆ, ಬೆಳಿಗ್ಗೆ ನೋಡೋಣ, ನಿನ್ನ ತಂಗಿಗೆ ಫೋನ್ ಮಾಡಿ ಗಾಬರಿ ಮಾಡಬೇಡ ಎಂದೂ ಅಪ್ಪ ಗದರಿದನಂತೆ. ನೀನು ಬೈಕ್ ತಂದು ಕರೆದಾಗ ಏನೆಂದ ಅಪ್ಪ ಎಂದು ಕೇಳಿದೆ, ಉತ್ತರ ಗೊತ್ತಿದ್ದರೂ.

“ಇನ್ನೇನಂದಾನು,” ಅಂದ ಅಣ್ಣ. “ಇರ್ಲಾ, ಇದೊಂದು ಮುಗೀಲಿ ಅಂದ.”

ನನ್ನದು ತಪ್ಪಾಯಿತು ಎಂದೆ. ಹಾಗೆಯೇ, ಆ ಎರಡೇ ಮಾತಿನಲ್ಲಿ. ಇಷ್ಟು ಸಣ್ಣ ವಾಕ್ಯಕ್ಕೆ ನಾಲ್ಕು ವರ್ಷ ಹಿಡಿಯಿತು ಎಂದು ನಾಚಿಕೆಯಾಯಿತು. ಅವನು ತೋಳಿನಿಂದ ಕಣ್ಣೊರೆಸಿಕೊಂಡು, ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ. ಕೊನೆಯ ಹಾಡು ಶುರುವಾಗಿತ್ತು, ಬರೀ ಒಂದು ಗಿಟಾರ್, ಒಂದು ದನಿ.

ಬಾಗಿಲಲ್ಲಿ ಹೆಗಲ ಮೇಲೆ ಟವಲ್ ಹಾಕಿಕೊಂಡ ಒಬ್ಬ ರೈತ ಬಂದು ನಿಂತ. ತನ್ನ ಮೋಟಾರು ರೆಡಿಯಾಗಿದೆಯೇ, ಕರೆಂಟ್ ಬರುವ ಹೊತ್ತಾಯಿತು ಎಂದು ಅವಸರ ಮಾಡಿದ. ಅಣ್ಣ ಸ್ಪೀಕರಿನ ಕಡೆಗೆ ಗಲ್ಲ ಎತ್ತಿ ತೋರಿಸಿದ.

“ಕೂತ್ಕಳಪ್ಪ,” ಅಂದ. “ಇದೊಂದು ಮುಗೀಲಿ.”

ಆತ ಬೆಂಚಿನ ತುದಿಗೆ ಕೂತ. ಮೂವರೂ ಕೊನೆಯ ತನಕ ಕೇಳಿದೆವು.