ಸುತ್ತುಗಳ ನಡುವಿನ ಒಂದು ನಿಮಿಷ

“ಅಮ್ಮಾ, ಅಲೋಂಜೊ ತಾತ ಬಾಕ್ಸರ್ ಆಗಿದ್ರೆ ಅವರ ಮೂಗು ಯಾಕೆ ನೆಟ್ಟಗಿದೆ?”

ಮೈಕಾ ಹಾಗೆ ಕೇಳಿದ್ದು ತಾತನ ಎದುರಿಗೇ. ಯೊಲಾಂಡಾ ಮಗನ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವರು ನಕ್ಕುಬಿಟ್ಟರು. ಗುದ್ದು ತಿಂದವರು ಬೇರೆಯವರಂತೆ, ಅವರ ರಕ್ತ ನಿಲ್ಲಿಸುತ್ತಿದ್ದವರು ತಾವಂತೆ.

ಫಿಲಡೆಲ್ಫಿಯಾದ ಆ ಬೀದಿಯಲ್ಲಿ ಯೊಲಾಂಡಾಳ ಮನೆಗೂ ಪಕ್ಕದ ತಾತನ ಮನೆಗೂ ನಡುವೆ ಒಂದೇ ಗೋಡೆ. ಮೈಕಾನಿಗೆ ಜ್ವರ ಬಂದರೆ ಆ ಕಡೆಯಿಂದ ಕೋಳಿಸಾರು ಬರುತ್ತಿತ್ತು; ಕೈ ನಡುಗುವ ತಾತನಿಗೆ ಅಂಗಿಯ ಗುಂಡಿ ಹಾಕಿಕೊಡಲು ಯೊಲಾಂಡಾ ಹೋಗುತ್ತಿದ್ದಳು. ಅದೇ ಕೈಗಳು ಒಂದು ಕಾಲಕ್ಕೆ, ಸುತ್ತು ಮುಗಿದ ಗಂಟೆ ಹೊಡೆದು ಮುಂದಿನ ಸುತ್ತಿನ ಗಂಟೆ ಹೊಡೆಯುವ ಒಂದು ನಿಮಿಷದೊಳಗೆ, ಸೀಳಿದ ಹುಬ್ಬನ್ನು ಒತ್ತಿಹಿಡಿದು ಬಾಕ್ಸರನನ್ನು ಮತ್ತೆ ಎಬ್ಬಿಸಿ ಕಳಿಸುತ್ತಿದ್ದವು.

ಆ ಕೆಲಸ ಕಣ್ಣಿಗೆ ಕಾಣುವುದು ಒಂದೇ ರೀಲಿನಲ್ಲಿ. ತಾತ ಹಾಗೆ ಎಬ್ಬಿಸಿ ಕಳಿಸಿದ್ದ ಕ್ಲೈಡ್ ಎಂಬ ಬಾಕ್ಸರ್ ತಾನು ಗೆದ್ದ ಪಂದ್ಯದ ಫಿಲಂ ಅನ್ನು ತಾತನಿಗೇ ಕೊಟ್ಟಿದ್ದ. ಹಳೆಯ ಪಂದ್ಯಗಳ ಫಿಲಂ ಕೂಡಿಡುವವರ ಸಂಘದ ಗ್ಯಾರಿಟಿ ಎಂಬಾತ ಇದರ ಸುದ್ದಿ ಸಿಕ್ಕಿದ್ದೇ ಓಡಿಬಂದ. ಇದರ ಇನ್ನೊಂದು ಪ್ರತಿ ಯಾರ ಹತ್ತಿರವೂ ಇಲ್ಲ ಎಂದು ಕಣ್ಣರಳಿಸಿದ. ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ತೋರಿಸೋಣ, ಆದರೆ ಸುತ್ತುಗಳ ನಡುವಿನ ವಿರಾಮಗಳನ್ನು ಕತ್ತರಿಸಿಬಿಡೋಣ ಎಂದ. ಬಾಕ್ಸರ್ ಕೂತು ನೀರು ಮುಕ್ಕಳಿಸುವುದನ್ನು ನೋಡಲು ಯಾರು ಬರುತ್ತಾರೆ ಎಂಬುದು ಅವನ ವಾದ.

ತಾತ ರೀಲಿನ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

“ನಾಲ್ಕನೇ ಸುತ್ತಲ್ಲಿ ಕ್ಲೈಡನ ಕಣ್ಣು ರಕ್ತದಲ್ಲಿ ಮುಚ್ಚಿಹೋಗಿದೆ. ಐದನೇದರಲ್ಲಿ ಕಣ್ಣು ಬಿಟ್ಕೊಂಡು ಚಚ್ತಾನೆ. ನಡುವೆ ಏನಾಯ್ತು ಗ್ಯಾರಿಟಿ, ದೇವದೂತ ಬಂದು ಉಫ್ ಅಂತ ಊದಿ ಹೋದ್ನಾ?”

ಬೇಕಾದರೆ ಅದೊಂದು ವಿರಾಮ ಇರಲಿ ಎಂದು ಗ್ಯಾರಿಟಿ ಚೌಕಾಸಿಗೆ ಇಳಿದ.

“ಎಲ್ಲಾ ಇರಬೇಕು. ಇಲ್ಲಾಂದ್ರೆ ಗೋಡೆ ಮೇಲೆ ಖಾಲಿ ಬೆಳಕು ಬಿಟ್ಕೊಂಡು ನೋಡ್ಕೊಳ್ಳಿ.”

ಕತ್ತರಿ ಹಾಕುವುದಿಲ್ಲ ಎಂದು ಒಪ್ಪಿ ಎದ್ದ ಗ್ಯಾರಿಟಿ, ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ: ವಿರಾಮ ಬಂದಾಗಲೆಲ್ಲ ದೀಪ ಹಾಕುವುದು ಸಂಘದ ರೂಢಿ, ಜನ ಕಾಫಿ ತೆಗೆದುಕೊಳ್ಳಬೇಕಲ್ಲ. ದೀಪ ಹತ್ತಿದರೆ ಗೋಡೆಯ ಮೇಲಿನ ಚಿತ್ರ ಮಾಸಿಹೋಗುತ್ತದೆ; ತಾತನ ಕೆಲಸ ಇದ್ದೂ ಯಾರಿಗೂ ಕಾಣುವುದಿಲ್ಲ.

ಅವನು ಹೋದ ಮೇಲೂ ತಾತನ ಕೈ ಡಬ್ಬಿ ಬಿಡಲಿಲ್ಲ. ಯೊಲಾಂಡಾಳ ಕಡೆ ತಿರುಗಿದರು.

“ಶನಿವಾರ ನನ್ನ ಜೊತೆ ಬಾ ಮಗಳೇ. ಮೈಕಾನ ನಾನು ಮಡಿಲಲ್ಲಿ ಕೂರಿಸ್ಕೋತೀನಿ. ನೀನು ಆ ಲೈಟಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ್ಕೋ. ಗಂಟೆ ಹೊಡೆದಾಗ ಯಾರೇ ಬಂದ್ರೂ, ಜರುಗಬೇಡ.”